ಬಿರುಬಿಸಿಲಿನ ಊರಿನಲ್ಲಿ ಮಾತ್ರೆ, ಸಿರಪ್ ಬಳಸುವ ಕ್ರಮ

ರಾಯಚೂರಿನ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದರಿಂದ, ತಂಪಾದ ಒಣ ಜಾಗದಲ್ಲಿಡಿ ಎಂಬ ಸೂಚನೆಯನ್ನು ಇಲ್ಲಿಯವರು ಹಗುರವಾಗಿ ಕಾಣಬಾರದು. ತಗಡಿನ ಸೂರಿನ ಕೆಳಗಿಟ್ಟ ಕ್ಯಾಪ್ಸೂಲ್‌ಗಳು ಮೆತ್ತಗಾಗಿ ಅಂಟಿಕೊಂಡಿದ್ದರೆ ಅವನ್ನು ನುಂಗದಿರುವುದೇ ಲೇಸು. ಕರುಳಿನಲ್ಲಿ ಕರಗಲೆಂದು ಲೇಪನ ಮಾಡಿದ ಅಥವಾ ನಿಧಾನವಾಗಿ ಔಷಧ ಬಿಡುವ ಮಾತ್ರೆಗಳನ್ನು ಪುಡಿ ಮಾಡಬಾರದು.

ಹೆಚ್ಚಿನ ಎಚ್ಚರ ಬೇಕಾಗುವುದು ಮಕ್ಕಳ ಆ್ಯಂಟಿಬಯಾಟಿಕ್ ಡ್ರೈ ಸಿರಪ್ ಕಲಸುವಾಗ. ಬಾಟಲಿಯನ್ನು ತಟ್ಟಿ ಪುಡಿಯನ್ನು ಸಡಿಲಿಸಿ, ಕಾಯಿಸಿ ಆರಿಸಿದ ನೀರನ್ನು ಗುರುತಿಗಿಂತ ಕೊಂಚ ಕೆಳಗಿನವರೆಗೆ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ನೀರು ತುಂಬಿ ಮತ್ತೊಮ್ಮೆ ಚೆನ್ನಾಗಿ ಕುಲುಕಬೇಕು. ಕೊಡುವ ಪ್ರತಿ ಸಲವೂ ಕುಲುಕದಿದ್ದರೆ ಔಷಧ ತಳ ಸೇರಿ, ಮಗುವಿಗೆ ಮೊದಲು ಕಡಿಮೆಯೂ ಕೊನೆಗೆ ಹೆಚ್ಚೂ ಹೋಗುತ್ತದೆ. ಅಡುಗೆಮನೆಯ ಚಮಚಗಳ ಅಳತೆ ಒಂದೇ ಸಮನಿರುವುದಿಲ್ಲವಾದ್ದರಿಂದ, 5 ಮಿಲಿ ಎಂದಿದ್ದರೆ ಗೆರೆಯಿರುವ ಅಳತೆಯ ಮುಚ್ಚಳವನ್ನೇ ಬಳಸಿರಿ. ಕಲಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಟ್ಟು, ಲೇಬಲ್ ಹೇಳುವ ಅವಧಿ ಮುಗಿದೊಡನೆ ಉಳಿದದ್ದನ್ನು ಬಿಸಾಡಿರಿ. ಮುಂದಿನ ಜ್ವರಕ್ಕೆಂದು ಕಾಪಿಡುವುದು ನಿಜಕ್ಕೂ ಅಪಾಯಕರ.

1 ಲೀಟರ್‌ನ ಓಆರ್‌ಎಸ್ ಪೊಟ್ಟಣವನ್ನು ಅರ್ಧರ್ಧ ಮಾಡದೆ ಒಮ್ಮೆಲೇ 1 ಲೀಟರ್ ಕುಡಿಯುವ ನೀರಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಬೇಕು.