ಕೆಲಸದ ಜಾಗದ ಗಾಳಿಯಿಂದ ಬರುವ ಅಸ್ತಮಾ: ಬ್ರಿಟನ್ನಿನಲ್ಲಿ ದುಡಿಯುವ ಕನ್ನಡಿಗರಿಗೆ

ಬ್ರಿಟನ್ನಿಗೆ ಬಂದ ಮೇಲೆ ಶುರುವಾದ ಕೆಮ್ಮು, ಸೀನು, ಎದೆ ಬಿಗಿತಗಳನ್ನು ಇಲ್ಲಿನ ಚಳಿಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಬಹಳ ಸುಲಭ. ಆದರೆ ರಜೆಯ ದಿನಗಳಲ್ಲಿ ಉಸಿರಾಟ ಹಗುರವಾಗಿ, ಕೆಲಸಕ್ಕೆ ಮರಳಿದ ಎರಡು ಮೂರು ದಿನಗಳಲ್ಲಿ ಮತ್ತೆ ಉಬ್ಬಸ ಹತ್ತುವುದಾದರೆ, ಅದಕ್ಕೆ ಚಳಿಯೊಂದೇ ಕಾರಣ ಎಂದುಕೊಳ್ಳಬಾರದು. ವಯಸ್ಕರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಅಸ್ತಮಾದಲ್ಲಿ ಶೇಕಡಾ 9ರಿಂದ 15ರಷ್ಟಕ್ಕೆ ಉದ್ಯೋಗವೇ ಕಾರಣ ಎಂದು ಇಲ್ಲಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಇಂಥ ಸಂದೇಹ ಬಂದಾಗ ಹೆದರಿ ಕೂಡಲೇ ರಾಜೀನಾಮೆ ಕೊಡುವುದೂ ತಪ್ಪು, ಇನ್ಹೇಲರ್ ಸೇದುತ್ತ ವರ್ಷಗಟ್ಟಲೆ ಅದೇ ಜಾಗದಲ್ಲಿ ಉಳಿಯುವುದೂ ತಪ್ಪು. ರೋಗನಿರ್ಣಯಕ್ಕೆ ಬೇಕಾದ ಪುರಾವೆ ಸಿಗುವುದು ನೀವು ಆ ಕೆಲಸದಲ್ಲಿರುವಾಗಲೇ. ಶ್ವಾಸಕೋಶ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚಿರುವುದು ಮೊದಲ ಲಕ್ಷಣ ಕಂಡ ಸುಮಾರು 12 ತಿಂಗಳೊಳಗೆ ಆ ವಸ್ತುವಿನಿಂದ ಪೂರ್ತಿ ದೂರವಾದಾಗ. ಇವೆರಡರ ನಡುವಿನ ಅವಧಿ ಚಿಕ್ಕದು, ಹಾಗಾಗಿ ಇಲ್ಲಿನ ವ್ಯವಸ್ಥೆಯನ್ನು ಮೊದಲೇ ತಿಳಿದಿರಬೇಕು.

ಈ ಕಾಯಿಲೆ ಬರುವ ಬಗೆ ಹೀಗಿದೆ. ಕೆಲವು ವಸ್ತುಗಳು ಉಸಿರಿನೊಂದಿಗೆ ಪದೇ ಪದೇ ಒಳಹೋದಾಗ ದೇಹದ ರಕ್ಷಣಾ ವ್ಯವಸ್ಥೆ ಅವುಗಳನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಇದಕ್ಕೆ ಕೆಲವು ವಾರಗಳಾಗಬಹುದು, ಹಲವು ವರ್ಷಗಳೇ ಆಗಬಹುದು. ಆದ್ದರಿಂದ ‘ಇಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಒಮ್ಮೆ ಗುರುತಿಟ್ಟುಕೊಂಡ ಮೇಲೆ ಬೇರೆಯವರಿಗೆ ಏನೂ ಮಾಡದಷ್ಟು ಅಲ್ಪ ಪ್ರಮಾಣವೂ ಉಬ್ಬಸ ತರುತ್ತದೆ. ಎಷ್ಟೋ ಸಲ ಮೂಗು ಸೋರುವುದು, ಕಣ್ಣು ತುರಿಸುವುದು ಮೊದಲು ಬಂದು, ಅಸ್ತಮಾ ಅದರ ಹಿಂದೆಯೇ ಬರುತ್ತದೆ. ಬೇಕರಿಯ ಹಿಟ್ಟಿನ ಧೂಳು ಮತ್ತು ಅದಕ್ಕೆ ಬೆರೆಸುವ ಅಮೈಲೇಸ್ ಕಿಣ್ವ, ವಾಹನಗಳಿಗೆ ಬಣ್ಣ ಹೊಡೆಯುವಾಗಿನ ಐಸೋಸಯನೇಟ್, ಬೆಸುಗೆಗೆ ಬಳಸುವ ರಾಳದ ಹೊಗೆ, ಕೂದಲಿಗೆ ಬಿಳುಪು ಕೊಡುವ ಪರ್ಸಲ್ಫೇಟ್, ಪ್ರಯೋಗಾಲಯದ ಇಲಿಗಳ ಮೂತ್ರದಲ್ಲಿರುವ ಪ್ರೋಟೀನು, ಮರದ ಧೂಳು, ಲೇಟೆಕ್ಸ್, ಇವೆಲ್ಲ ಈ ಪಟ್ಟಿಯಲ್ಲಿವೆ. ಬಟ್ಟೆ ತೊಳೆಯುವ ಪುಡಿಗೆ ಸೇರಿಸುತ್ತಿದ್ದ ಪ್ರೋಟೀನು ಕರಗಿಸುವ ಕಿಣ್ವದಿಂದ ಕಾರ್ಖಾನೆಯ ಕಾರ್ಮಿಕರಿಗೆ ಶ್ವಾಸಕೋಶದ ಕಾಯಿಲೆ ಬರುತ್ತಿರುವುದನ್ನು 1969ರಲ್ಲಿ ವೈದ್ಯ ಮೈಕೇಲ್ ಫ್ಲಿಂಡ್ಟ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದು ಇದೇ ಬ್ರಿಟನ್ನಿನಲ್ಲಿ. ಆಮೇಲೆ ಆ ಕಿಣ್ವವನ್ನು ಧೂಳೇಳದಂತೆ ಲೇಪನ ಕೊಟ್ಟು ಕಾಳುಗಳಾಗಿ ತಯಾರಿಸತೊಡಗಿದರು. ಇಂದು ಸಬ್ಟಿಲಿಸಿನ್ ಎಂಬ ಆ ಕಿಣ್ವಕ್ಕೆ ಇಲ್ಲಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ 0.00004 ಮಿಲಿಗ್ರಾಂ ಮಾತ್ರ.

ಅಪಾಯ ಹೆಚ್ಚಾಗಿ ಅಡಗಿರುವುದು ಯಾರೂ ಗಮನಿಸದ ಸಣ್ಣ ಕೆಲಸಗಳಲ್ಲಿ. ಬೇಕರಿಯಲ್ಲಿ ಮೇಜಿನ ಮೇಲೆ ಹಿಟ್ಟನ್ನು ಕೈಯಿಂದ ಬೀಸಿ ಎರಚುವಾಗ, ಬರಿದಾದ ಚೀಲವನ್ನು ಎದೆಗೆ ಒತ್ತಿ ಮಡಚುವಾಗ, ದಿನದ ಕೊನೆಗೆ ಒಣ ಪೊರಕೆಯಲ್ಲಿ ನೆಲ ಗುಡಿಸುವಾಗ, ಧೂಳು ನೇರವಾಗಿ ಮೂಗಿನ ಮಟ್ಟಕ್ಕೆ ಏಳುತ್ತದೆ. ಹಿಟ್ಟನ್ನು ಜರಡಿಯಿಂದ ಉದುರಿಸುವುದು, ಚೀಲವನ್ನು ನಿಧಾನವಾಗಿ ಸುತ್ತುವುದು, ಪೊರಕೆಯ ಬದಲು ಕೈಗಾರಿಕಾ ವ್ಯಾಕ್ಯೂಮ್ ಬಳಸುವುದು ಇಲ್ಲಿನ ನಿಯಂತ್ರಕರ ಸಲಹೆ. ವಾಹನಗಳಿಗೆ ಬಣ್ಣ ಹೊಡೆಯುವ ಕೋಣೆಯಲ್ಲಿ ಸ್ಪ್ರೇ ಗನ್ ನಿಲ್ಲಿಸಿದೊಡನೆ ಕೆಲಸ ಹೇಗಿದೆಯೆಂದು ನೋಡಲು ಮುಖವಾಡ ಎತ್ತುವ ಅಭ್ಯಾಸ ಇನ್ನೂ ಕೆಟ್ಟದ್ದು: ಐಸೋಸಯನೇಟ್ ಮಂಜು ಕಣ್ಣಿಗೆ ಕಾಣದೆ ಗಾಳಿಯಲ್ಲಿ ಉಳಿದಿರುತ್ತದೆ, ಕೋಣೆ ಶುದ್ಧವಾಗಲು ಹಿಡಿಯುವ ನಿಮಿಷಗಳನ್ನು ಅಳೆದು ಬಾಗಿಲಿನಲ್ಲಿ ಬರೆದಿರಬೇಕು, ಅಷ್ಟು ಹೊತ್ತು ಮುಖವಾಡ ಇಳಿಯಬಾರದು.

ಕಾನೂನಿನ ಬಲ ನಿಮ್ಮ ಕಡೆಗಿದೆ. ಕೋಶ್ ಎಂದು ಎಲ್ಲರೂ ಕರೆಯುವ 2002ರ ಅಪಾಯಕಾರಿ ವಸ್ತುಗಳ ನಿಯಂತ್ರಣ ನಿಯಮಗಳು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಿಗೆ ಅನ್ವಯಿಸುತ್ತವೆ. ಉತ್ತರ ಐರ್ಲೆಂಡಿಗೆ ಅದರದೇ ನಿಯಮಗಳಿವೆ. ಈ ನಿಯಮಗಳಂತೆ ಅಪಾಯವನ್ನು ಅಂದಾಜು ಮಾಡುವುದು, ಸಾಧ್ಯವಾದರೆ ಆ ವಸ್ತುವನ್ನೇ ಬದಲಿಸುವುದು, ಇಲ್ಲವಾದರೆ ಧೂಳು ಹೊಗೆಗಳನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಯಂತ್ರ ಹಾಕಿ ಅದನ್ನು ಕನಿಷ್ಠ 14 ತಿಂಗಳಿಗೊಮ್ಮೆ ಪರೀಕ್ಷಿಸುವುದು ಮಾಲೀಕರ ಹೊಣೆ. ಮಾಸ್ಕ್ ಕೊನೆಯ ಉಪಾಯ. ಕೊಟ್ಟರೆ ಅದು ನಿಮ್ಮ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷಿಸಬೇಕು, ಅದಕ್ಕೆ ನಿಮ್ಮಿಂದ ಹಣ ಕೇಳುವಂತಿಲ್ಲ. ರಾಸಾಯನಿಕದ ಸುರಕ್ಷತಾ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಎಚ್ 334 ಎಂಬ ಸಂಕೇತವಿದ್ದರೆ, ಉಸಿರಾಡಿದಾಗ ಅಲರ್ಜಿ ಅಥವಾ ಅಸ್ತಮಾ ತರಬಲ್ಲದು ಎಂದರ್ಥ. ಅಂಥ ವಸ್ತುವಿನ ಸಂಪರ್ಕವಿರುವವರಿಗೆ ಮಾಲೀಕರು ನಿಯತವಾಗಿ ಪ್ರಶ್ನಾವಳಿ ಮತ್ತು ಊದುವ ಪರೀಕ್ಷೆಯ ಮೂಲಕ ಆರೋಗ್ಯ ತಪಾಸಣೆ ಮಾಡಿಸಬೇಕು, ಆ ದಾಖಲೆಯನ್ನು 40 ವರ್ಷ ಕಾಪಾಡಬೇಕು. ಕೆಲಸ ಹೋದೀತೆಂಬ ಭಯದಿಂದ ಈ ಪ್ರಶ್ನಾವಳಿಯಲ್ಲಿ ಎಲ್ಲಕ್ಕೂ ‘ಇಲ್ಲ’ ಎಂದು ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ವೈದ್ಯಕೀಯ ವಿವರ ಗೋಪ್ಯವಾಗಿರುತ್ತದೆ, ಮಾಲೀಕರಿಗೆ ಹೋಗುವುದು ನೀವು ಆ ಕೆಲಸಕ್ಕೆ ಯೋಗ್ಯರೇ ಅಲ್ಲವೇ ಎಂಬ ತೀರ್ಮಾನ ಮಾತ್ರ. ಆದರೆ ನೀವು ಬರೆದ ‘ಇಲ್ಲ’ ಮುಂದೆ ನಿಮ್ಮ ವಿರುದ್ಧವೇ ಪುರಾವೆಯಾಗಬಹುದು.

ಜಿ.ಪಿ. ಬಳಿ ಹೋದಾಗ ‘ಕೆಮ್ಮಿದೆ’ ಎಂದಷ್ಟೇ ಹೇಳಿದರೆ ಇನ್ಹೇಲರ್ ಬರೆದುಕೊಟ್ಟು ಕಳಿಸುವ ಸಂಭವವೇ ಹೆಚ್ಚು. ಏನು ಕೆಲಸ, ಯಾವ ವಸ್ತು, ರಜೆಯಲ್ಲಿ ಉಸಿರಾಟ ಹೇಗಿರುತ್ತದೆ ಎಂಬುದನ್ನು ನೀವಾಗಿಯೇ ಹೇಳಿ, ಉದ್ಯೋಗಜನ್ಯ ಶ್ವಾಸಕೋಶ ರೋಗಗಳ ತಜ್ಞರ ಬಳಿಗೆ ಕಳಿಸಿ ಎಂದು ಸ್ಪಷ್ಟವಾಗಿ ಕೇಳಿ. ಈ ರೋಗನಿರ್ಣಯದ ಬೆನ್ನೆಲುಬು, ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಪುಟ್ಟ ಕೊಳವೆ ಮತ್ತು ಒಂದು ಹಾಳೆ. ಎದ್ದಾಗಿನಿಂದ ಮಲಗುವವರೆಗೆ ಸುಮಾರು ಎರಡು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಂತೂ ಕಡಿಮೆಯಾಗದಂತೆ, ಪ್ರತಿ ಸಲ ಮೂರು ಬಾರಿ ಜೋರಾಗಿ ಊದಿ, ಮೂರರಲ್ಲಿ ದೊಡ್ಡ ಅಂಕಿಯನ್ನು ಗಂಟೆಯ ಸಮೇತ ಬರೆಯಬೇಕು. ಪಕ್ಕದಲ್ಲಿ ಆಗ ಕೆಲಸದಲ್ಲಿದ್ದಿರೋ ಮನೆಯಲ್ಲೋ, ಇನ್ಹೇಲರ್ ತೆಗೆದುಕೊಂಡಿದ್ದಿರೋ ಎಂದು ಗುರುತು ಹಾಕಬೇಕು. ಇದು ನಾಲ್ಕು ವಾರ ನಡೆಯಬೇಕು, ಅದರಲ್ಲಿ ಕೆಲಸದ ದಿನಗಳೂ ಬಿಡುವಿನ ದಿನಗಳೂ ಸೇರಿರಬೇಕು. ತಪ್ಪಿದ ಅಂಕಿಯನ್ನು ಊಹಿಸಿ ತುಂಬದೆ ಖಾಲಿ ಬಿಡಿ. ಬರ್ಮಿಂಗ್‌ಹ್ಯಾಮಿನಲ್ಲಿ ರೂಪುಗೊಂಡ ಒಯಾಸಿಸ್ ಎಂಬ ಗಣಕ ಕಾರ್ಯಕ್ರಮ ಈ ಅಂಕಿಗಳಲ್ಲಿ ಕೆಲಸದ ದಿನಗಳ ಇಳಿತವನ್ನು ಗುರುತಿಸುತ್ತದೆ. ಹಿಟ್ಟು, ಕಿಣ್ವ, ಲೇಟೆಕ್ಸ್‌ಗಳಿಗೆ ರಕ್ತ ಅಥವಾ ಚರ್ಮದ ಪರೀಕ್ಷೆಯೂ ನೆರವಾಗುತ್ತದೆ. ಐಸೋಸಯನೇಟ್ ವಿಷಯದಲ್ಲಿ ರಕ್ತಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಇರಬಹುದು. ಆದರೆ ಮಾತನಾಡಲಾಗದಷ್ಟು ಉಬ್ಬಸ ಬಂದಾಗ ಅಂಕಿ ಬರೆಯುವ ಯೋಚನೆ ಬಿಟ್ಟು 999ಕ್ಕೆ ಕರೆ ಮಾಡಿ.

ವೈದ್ಯರು ಉದ್ಯೋಗಜನ್ಯ ಅಸ್ತಮಾ ಎಂದು ಬರೆದುಕೊಟ್ಟ ಮೇಲೆ, ರಿಡರ್ ಎಂಬ 2013ರ ನಿಯಮಗಳಂತೆ ಮಾಲೀಕರು ಅದನ್ನು ಅಧಿಕಾರಿಗಳಿಗೆ ವರದಿ ಮಾಡಬೇಕು. ಕಾಯಿಲೆ ದೀರ್ಘಕಾಲದ್ದಾಗಿ ನಿತ್ಯಜೀವನಕ್ಕೆ ಗಣನೀಯವಾಗಿ ಅಡ್ಡಿಯಾಗುವಂತಿದ್ದರೆ 2010ರ ಸಮಾನತೆ ಕಾಯ್ದೆಯಡಿ ಬೇರೆ ವಿಭಾಗಕ್ಕೆ ವರ್ಗಾಯಿಸುವಂಥ ನ್ಯಾಯವಾದ ಹೊಂದಾಣಿಕೆ ಕೇಳಬಹುದು. ಮಾಲೀಕರು ಕಿವಿಗೊಡದಿದ್ದರೆ ಕಾರ್ಖಾನೆಯ ಬಗ್ಗೆ ಎಚ್.ಎಸ್.ಇ. ಎಂಬ ಸರ್ಕಾರಿ ಕಾರ್ಯಸ್ಥಳ ಸುರಕ್ಷತಾ ಸಂಸ್ಥೆಗೆ, ಸಲೂನು, ಅಂಗಡಿಗಳ ಬಗ್ಗೆ ಸ್ಥಳೀಯ ಕೌನ್ಸಿಲ್‌ಗೆ ದೂರು ಕೊಡಬಹುದು. ಪ್ರಾಯೋಜಿತ ವೀಸಾದಲ್ಲಿರುವವರ ಆತಂಕ ನನಗೆ ಅರ್ಥವಾಗುತ್ತದೆ. ಆರೋಗ್ಯದ ಕಾರಣಕ್ಕೇ ಆದರೂ ಕೆಲಸ ಬದಲಿಸುವಾಗ ವೀಸಾದ ಷರತ್ತುಗಳನ್ನು ನೋಡಲೇಬೇಕು, ಹಾಗಾಗಿ ಯಾವ ಕಾಗದಕ್ಕೂ ಸಹಿ ಹಾಕುವ ಮುನ್ನ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್, ಉದ್ಯೋಗದ ತಕರಾರುಗಳ ಬಗ್ಗೆ ಸಲಹೆ ಕೊಡುವ ಏಕಾಸ್ ಅಥವಾ ನಿಮ್ಮ ಕಾರ್ಮಿಕ ಸಂಘದೊಂದಿಗೆ ಮಾತನಾಡಿ. ಉದ್ಯೋಗ ನ್ಯಾಯಮಂಡಳಿಗೆ ಹೋಗುವ ಗಡುವು ತೀರ ಚಿಕ್ಕದು ಎಂಬುದನ್ನೂ ಮರೆಯಬೇಡಿ.

ಹಣದ ನೆರವಿಗೆ ಎರಡು ದಾರಿಗಳಿವೆ. ಇಂಡಸ್ಟ್ರಿಯಲ್ ಇಂಜುರೀಸ್ ಡಿಸೇಬಲ್‌ಮೆಂಟ್ ಬೆನಿಫಿಟ್ ಎಂಬ ಸರ್ಕಾರಿ ಭತ್ಯೆಯಲ್ಲಿ ಅಸ್ತಮಾ ಡಿ 7 ಎಂಬ ಸಂಖ್ಯೆಯಲ್ಲಿ, ಅಲರ್ಜಿಯ ಮೂಗಿನ ಕಾಯಿಲೆ ಡಿ 4 ಎಂಬ ಸಂಖ್ಯೆಯಲ್ಲಿ ಸೇರಿವೆ. ತಪ್ಪು ಯಾರದೆಂದು ಇಲ್ಲಿ ಸಾಬೀತು ಮಾಡಬೇಕಿಲ್ಲ, ನಿಮ್ಮ ಉಳಿತಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಆದರೆ ನೀವು ನೌಕರರಾಗಿದ್ದಿರಬೇಕು, ಸಾಮಾನ್ಯವಾಗಿ ಅಂಗವೈಕಲ್ಯದ ಅಂದಾಜು ಶೇಕಡಾ 14 ಮುಟ್ಟಬೇಕು. ಇನ್ನೊಂದು ದಾರಿ, ವಕೀಲರ ಮೂಲಕ ಮಾಲೀಕರಿಂದ ಪರಿಹಾರ ಕೇಳುವುದು. ಇದಕ್ಕೆ ಕಾಯಿಲೆಗೆ ಕೆಲಸವೇ ಕಾರಣವೆಂದು ತಿಳಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ. ಖಾಸಗಿ ಮಾಲೀಕರು ಇಂಥ ಹೊಣೆಗೆ ವಿಮೆ ಮಾಡಿಸಿರುವುದು 1969ರ ಕಾಯ್ದೆಯಂತೆ ಕಡ್ಡಾಯ. ಭತ್ಯೆಗೆ ಅಸ್ತಮಾದ ಅರ್ಜಿಯನ್ನು ಆ ಕೆಲಸ ಬಿಟ್ಟ 10 ವರ್ಷದೊಳಗೆ ಹಾಕಬೇಕು, ಆದರೆ ಹಿಂದಿನ ಬಾಕಿ ಸಿಗುವುದು ಮೂರು ತಿಂಗಳದ್ದು ಮಾತ್ರವಾದ್ದರಿಂದ ತಜ್ಞರ ಪತ್ರ ಕೈಗೆ ಬಂದ ವಾರವೇ ಅರ್ಜಿ ಹಾಕಿ, ಪೀಕ್ ಫ್ಲೋ ಹಾಳೆಗಳ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.