ತೆಗೆದ ಫ್ಲ್ಯಾಂಜಿನ ಹಿಂಬದಿ ನೋಡಿ ಕಲಿತದ್ದು

ದೊಡ್ಡ ಕರುಳನ್ನು ತೆಗೆಸಿಕೊಂಡು, ಹೊಟ್ಟೆಯ ಬಲಬದಿಯಲ್ಲಿ ಇಲಿಯಾಸ್ಟಮಿಯೊಂದಿಗೆ (ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಮಾಡಿದ ದ್ವಾರ; ಮಲ ಅದರಿಂದ ಹೊರಗೆ ಅಂಟಿಸಿದ ಚೀಲಕ್ಕೆ ಬೀಳುತ್ತದೆ) ಮನೆಗೆ ಬಂದ ಮೊದಲ ಎರಡು ತಿಂಗಳಲ್ಲಿ ಚೀಲ ಸೋರದ ವಾರವೇ ಇರಲಿಲ್ಲ. ಅಂಟು ಸಾಲದೆಂದು ಭಾವಿಸಿ ಚೀಲವನ್ನು ಚರ್ಮಕ್ಕೆ ಹಿಡಿಸುವ, ನಡುವೆ ರಂಧ್ರವಿರುವ ಅಂಟುಬಿಲ್ಲೆಯಾದ ಫ್ಲ್ಯಾಂಜಿನ ಸುತ್ತ ಪ್ಲಾಸ್ಟರ್ ಹಚ್ಚುತ್ತಿದ್ದೆ. ಸಣ್ಣ ಕರುಳಿನ ದ್ರವದಲ್ಲಿ ಆಹಾರವನ್ನು ಅರಗಿಸುವ ಕಿಣ್ವಗಳಿರುತ್ತವೆ. ಅದು ಪ್ಲಾಸ್ಟರಿನ ಒಳಗೇ ನಿಂತು ನನ್ನ ಚರ್ಮವನ್ನು ಸುಟ್ಟ ಗಾಯದಂತೆ ಮಾಡಿತ್ತು.

"ಮೇಷ್ಟ್ರೇ, ತೆಗೆದ ಫ್ಲ್ಯಾಂಜನ್ನು ಎಸೆಯುವ ಮೊದಲು ತಿರುಗಿಸಿ ನೋಡಿ" ಎಂದು ಸ್ಟೋಮಾ (ಹೊಟ್ಟೆಯ ಮೇಲಿನ ಈ ದ್ವಾರ) ನೋಡಿಕೊಳ್ಳುವ ನರ್ಸ್ ಒಬ್ಬರು ಹೇಳಿದ ಮಾತಿನಿಂದಲೇ ಎಲ್ಲವೂ ಬದಲಾಯಿತು. ಕಿಟಕಿಯ ಬೆಳಕಿಗೆ ಹಿಡಿದಾಗ, ರಂಧ್ರದ ಅಂಚು ಸುತ್ತಲೂ ಬೆಳ್ಳಗೆ ಊದಿ ಕರಗಿತ್ತು. ಗಡಿಯಾರದಲ್ಲಿ ನಾಲ್ಕರ ಅಂಕಿ ಇರುವ ಕಡೆ ಕಂದು ಬಣ್ಣದ ಒಂದು ಸಣ್ಣ ಕಾಲುವೆ ಹೊರ ಅಂಚಿನವರೆಗೂ ಹರಿದಿತ್ತು.

ಸುತ್ತಲಿನ ಕರಗುವಿಕೆಗೆ ಕಾರಣ ರಂಧ್ರದ ಅಳತೆ. ಶಸ್ತ್ರಚಿಕಿತ್ಸೆಯ ಬಾವು ಇಳಿಯುತ್ತಾ ಆರರಿಂದ ಎಂಟು ವಾರಗಳಲ್ಲಿ ಸ್ಟೋಮಾ ಕುಗ್ಗುತ್ತದೆ. ನನ್ನದು 28 ಮಿ.ಮೀ.ಗೆ ಇಳಿದಿದ್ದರೂ ಆಸ್ಪತ್ರೆಯಲ್ಲಿ ಕೊಟ್ಟ 36 ಮಿ.ಮೀ. ಅಳತೆಗೇ ಕತ್ತರಿಸುತ್ತಿದ್ದೆ. ಅಂದಿನಿಂದ ಸ್ಟೋಮಾಕ್ಕಿಂತ 2 ಮಿ.ಮೀ. ಮಾತ್ರ ದೊಡ್ಡದಾಗಿ ಕತ್ತರಿಸುತ್ತೇನೆ. ಕಾಲುವೆಯ ಕಾರಣ ಮಲಗಿ ನೋಡಿದಾಗ ತಿಳಿಯಲಿಲ್ಲ. ಕುರ್ಚಿಯ ಮೇಲೆ ಕುಳಿತು ಕನ್ನಡಿ ಹಿಡಿದಾಗ, ಅದೇ ಜಾಗದಲ್ಲಿ ಚರ್ಮ ಮಡಿಕೆಯಾಗಿ ಒಳಗೆ ಹೋಗುವುದು ಕಂಡಿತು. ಆ ಮಡಿಕೆಗೆ ಈಗ ಸ್ವಲ್ಪ ಪೇಸ್ಟ್ ತುಂಬುತ್ತೇನೆ. ಪೇಸ್ಟ್ ಅಂಟಲ್ಲ, ಸಂದು ಮುಚ್ಚುವ ಗಾರೆ ಎಂಬುದನ್ನು ಹೊಸಬರಿಗೆ ಒತ್ತಿ ಹೇಳಬೇಕೆನಿಸುತ್ತದೆ. ಹೆಚ್ಚು ಬಳಿದಷ್ಟೂ ಫ್ಲ್ಯಾಂಜ್ ಚರ್ಮಕ್ಕೆ ಹಿಡಿಯುವುದು ಕಡಿಮೆಯಾಗುತ್ತದೆ.

ನಾಲ್ಕು ದಿನಕ್ಕೊಮ್ಮೆ, ಬೇಸಿಗೆಯ ಬೆವರಿನಲ್ಲಿ ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಕಾಫಿಗೂ ಮೊದಲೇ ಬದಲಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ ಸ್ಟೋಮಾ ಬಹುಮಟ್ಟಿಗೆ ಸುಮ್ಮನಿರುತ್ತದೆ. ಉಗುರುಬೆಚ್ಚಗಿನ ಬರಿ ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯಿಂದ ಒತ್ತಿ ಪೂರ್ತಿ ಒಣಗಿಸುತ್ತೇನೆ. ಚರ್ಮ ಕೆಂಪಾಗಿ ಒಸರುತ್ತಿದ್ದರೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಿನದನ್ನು ಕೊಡವಿಬಿಡುತ್ತೇನೆ, ಏಕೆಂದರೆ ಪುಡಿಯ ಮೇಲೆ ಫ್ಲ್ಯಾಂಜ್ ನಿಲ್ಲುವುದಿಲ್ಲ. ಎಣ್ಣೆಸ್ನಾನ ಈಗ ತಲೆಗೆ ಮಾತ್ರ; ಹೊಟ್ಟೆಗೆ ಎಣ್ಣೆಯ ಪಸೆ ತಾಗಿದ ದಿನ ಫ್ಲ್ಯಾಂಜ್ ಸಂಜೆಗೇ ಎದ್ದುಬರುತ್ತಿತ್ತು. ಅಂಟಿಸಿದ ಮೇಲೆ ಐದು ನಿಮಿಷ ಅಂಗೈಯಿಂದ ಒತ್ತಿ ಹಿಡಿಯುತ್ತೇನೆ; ಮೈಶಾಖಕ್ಕೆ ಅದು ಮೆತ್ತಗಾಗಿ ಚರ್ಮದ ಏರುತಗ್ಗುಗಳಿಗೆ ಕೂರುತ್ತದೆ.

ಚೀಲ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡುವುದು ಶಾಲೆಯಲ್ಲಿ ಕಷ್ಟವಾಗಿತ್ತು. ಮುಖ್ಯೋಪಾಧ್ಯಾಯರಿಗೆ ವಿಷಯ ತಿಳಿಸಿ ಎರಡು ಪೀರಿಯಡ್‌ಗೊಮ್ಮೆ ಬಿಡುವು ಕೇಳಿಕೊಂಡೆ, ಅವರು ಕೂಡಲೇ ಒಪ್ಪಿದರು. ಕೈಚೀಲದಲ್ಲಿ ಮೊದಲೇ ಕತ್ತರಿಸಿದ ಒಂದು ಫ್ಲ್ಯಾಂಜ್, ಚೀಲ, ಬಟ್ಟೆ, ನೀರಿನ ಬಾಟಲಿ ಸದಾ ಇರುತ್ತವೆ. ಒಳಗೆ ಉರಿ ಅಥವಾ ತುರಿಕೆ ಕಂಡರೆ, ಹೊರಗೆ ಏನೂ ಕಾಣದಿದ್ದರೂ, ಬಸ್‌ ನಿಲ್ದಾಣದಲ್ಲಾದರೂ ಸರಿ, ಅಲ್ಲೇ ಬದಲಿಸುತ್ತೇನೆ.

ಕಳೆದ ಯುಗಾದಿಯ ಹೊತ್ತಿಗೆ ತೂಕ ನಾಲ್ಕು ಕೆ.ಜಿ. ಏರಿ, ಫ್ಲ್ಯಾಂಜಿನ ಹಿಂಬದಿಯಲ್ಲಿ ಕಾಲುವೆ ಮತ್ತೆ ಕಾಣಿಸಿತು, ಈ ಬಾರಿ ಎಂಟರ ಕಡೆ. ಆ ಫ್ಲ್ಯಾಂಜನ್ನೇ ಕವರಿನಲ್ಲಿ ಹಾಕಿಕೊಂಡು ಹೋಗಿ ನರ್ಸ್‌ಗೆ ತೋರಿಸಿದೆ. ಅವರು ಒಳಮುಖವಾಗಿ ಉಬ್ಬಿರುವ ಫ್ಲ್ಯಾಂಜನ್ನೂ ಬೆಲ್ಟನ್ನೂ ಕೊಟ್ಟು, ಅಳತೆಯನ್ನು ಹೊಸದಾಗಿ ಬರೆದುಕೊಟ್ಟರು.