ತಂತಿ ಬಿಗಿಯಾಗಿದ್ದರೆ ವಿಮಾನ ನಮ್ಮದು

ನಾನು ಹಾರಿಸುವುದು ಕಂಟ್ರೋಲ್ ಲೈನ್ ಮಾದರಿ ವಿಮಾನಗಳನ್ನು, ಅಂದರೆ ತಂತಿ ಕಟ್ಟಿ ನಮ್ಮ ಸುತ್ತ ಹಾರಿಸುವಂಥವನ್ನು. ರೇಡಿಯೊ ನಿಯಂತ್ರಣದ ಮಾದರಿ ವಿಮಾನಗಳನ್ನು ಹಾರಿಸುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಒಂದೇ ಕಡೆ ಗಿರಗಿರ ಸುತ್ತುವುದರಲ್ಲಿ ಏನು ಸ್ವಾರಸ್ಯ?" ನಾನು ವಾದಕ್ಕೆ ಇಳಿಯುವುದಿಲ್ಲ. ಹ್ಯಾಂಡಲನ್ನು ಅವರ ಕೈಗೆ ಕೊಟ್ಟು, ಅದರ ಮೇಲೆ ನನ್ನ ಕೈಯನ್ನೂ ಇಟ್ಟು ಕೆಲವು ಸುತ್ತು ಹಾಕಿಸುತ್ತೇನೆ. ಒಂದೂವರೆ ಕಿಲೋ ತೂಕದ ವಿಮಾನ ಇಪ್ಪತ್ತು ಮೀಟರ್ ಆಚೆಯಿಂದ ತೋಳನ್ನು ಎಳೆಯತೊಡಗಿದ ಮೇಲೆ ಯಾರೂ ಆ ಪ್ರಶ್ನೆಯನ್ನು ಮತ್ತೆ ಕೇಳಿದ್ದಿಲ್ಲ.

ಕಂಟ್ರೋಲ್ ಲೈನ್ ವಿಮಾನದ ಒಳಗಿನ ಏರ್ಪಾಡು ತೀರ ಸರಳ. ಕೈಯಲ್ಲಿರುವ ಹ್ಯಾಂಡಲ್‌ನಿಂದ ಎರಡು ಸಣ್ಣ ಉಕ್ಕಿನ ತಂತಿಗಳು ವಿಮಾನದ ಎಡರೆಕ್ಕೆಯ ತುದಿಯವರೆಗೆ ಹೋಗುತ್ತವೆ. ಅಲ್ಲಿಂದ ರೆಕ್ಕೆಯೊಳಗೆ ಹಾಯ್ದು, ನಡುವೆ ಒಂದು ಮೊಳೆಯ ಮೇಲೆ ತಿರುಗುವ ಬೆಲ್‌ಕ್ರ್ಯಾಂಕ್ ಎಂಬ ತಟ್ಟೆಯ ಎರಡು ತುದಿಗಳಿಗೆ ಸೇರುತ್ತವೆ. ಹ್ಯಾಂಡಲನ್ನು ಹಿಂದಕ್ಕೆ ವಾಲಿಸಿದರೆ ಬೆಲ್‌ಕ್ರ್ಯಾಂಕ್ ತಿರುಗಿ, ಅದಕ್ಕೆ ಜೋಡಿಸಿದ ಸರಳು ಬಾಲದ ಎಲಿವೇಟರನ್ನು, ಅಂದರೆ ವಿಮಾನವನ್ನು ಏರಿಸಿ ಇಳಿಸುವ ಪಟ್ಟಿಯನ್ನು, ಮೇಲೆತ್ತುತ್ತದೆ. ಮುಂದಕ್ಕೆ ವಾಲಿಸಿದರೆ ಕೆಳಗಿಳಿಸುತ್ತದೆ. ವಿಮಾನ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ, ಅದರ ದಾರಿಯೆಲ್ಲ ನಮ್ಮ ತಲೆಯ ಮೇಲೆ ಕವುಚಿದ ಅರ್ಧಗೋಳದ ಮೈಮೇಲೆಯೇ. 1940ರ ಸುಮಾರಿಗೆ ಅಮೆರಿಕದ ಜಿಮ್ ವಾಕರ್ ತನ್ನ 'ಫೈರ್‌ಬಾಲ್' ಮಾದರಿಯ ಮೂಲಕ ಈ ಏರ್ಪಾಡನ್ನು ಜನಪ್ರಿಯಗೊಳಿಸಿದ. ಇಂದಿನ ವಿಶ್ವ ಮಟ್ಟದ ಸ್ಪರ್ಧೆಗಳ ವಿಮಾನದಲ್ಲೂ ಬೆಲ್‌ಕ್ರ್ಯಾಂಕ್ ಅದೇ ಕೆಲಸ ಮಾಡುತ್ತಿದೆ.

ಈ ಏರ್ಪಾಡು ನಡೆಯುವುದು ತಂತಿ ಬಿಗಿಯಾಗಿರುವವರೆಗೆ ಮಾತ್ರ. ಗಾಳಿಪಟವನ್ನು ಗಾಳಿ ಎಳೆದು ದಾರವನ್ನು ಬಿಗಿಯಾಗಿಡುತ್ತದೆ. ಇಲ್ಲಿ ಆ ಕೆಲಸವನ್ನು ವಿಮಾನ ತನ್ನ ವೇಗದಿಂದಲೇ ಮಾಡಿಕೊಳ್ಳಬೇಕು. ಒಂದು ಸಣ್ಣ ಲೆಕ್ಕ ನೋಡಿ. ಇಪ್ಪತ್ತು ಮೀಟರ್ ತಂತಿಯಲ್ಲಿ ಒಂದು ಸುತ್ತಿಗೆ 5.2 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ ಸುಮಾರು 24 ಮೀಟರ್. ಆಗ ತಂತಿಯ ಮೇಲಿನ ಎಳೆತ ವಿಮಾನದ ತೂಕದ ಸುಮಾರು ಮೂರು ಪಟ್ಟು. ಅದೇ ವಿಮಾನ ನೆತ್ತಿಯ ಮೇಲೆ ಬಂದಾಗ ಅದರ ತೂಕ ನಮ್ಮ ಕಡೆಗೇ ಬೀಳುವುದರಿಂದ ಎಳೆತ ಎರಡು ಪಟ್ಟಿಗೆ ಇಳಿಯುತ್ತದೆ. ಅಲ್ಲಿ ವೇಗವೂ ಸ್ವಲ್ಪ ಕುಂದಿ, ಎದುರು ಗಾಳಿಯೂ ಒಳಕ್ಕೆ ತಳ್ಳಿದರೆ ಉಳಿಯುವುದು ಅಷ್ಟಕ್ಕಷ್ಟೆ. ತಂತಿ ಸಡಿಲವಾದ ಕ್ಷಣದಿಂದ ವಿಮಾನ ನಮ್ಮ ಮಾತು ಕೇಳುವುದಿಲ್ಲ. ಆದ್ದರಿಂದ ಮೇಜಿನ ಮೇಲೆ ಬಾಲ್ಸಾ ಎಂಬ ಹಗುರ ಮರದ ಮೊದಲ ಹಲಗೆ ಕತ್ತರಿಸುವಾಗಲೇ ನಾನು ಕೇಳಿಕೊಳ್ಳುವ ಪ್ರಶ್ನೆ, ಇದು ಎಳೆತವನ್ನು ಹೆಚ್ಚಿಸುತ್ತದೆಯೇ ತಗ್ಗಿಸುತ್ತದೆಯೇ ಎಂಬುದು. ಬಣ್ಣ, ಅಂದಚಂದ ಎಲ್ಲ ಆಮೇಲೆ.

ಕಟ್ಟುವುದಕ್ಕೆ ಬಾಲ್ಸಾವನ್ನು ಮೀರಿಸುವ ವಸ್ತು ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಬಾಲ್ಸಾ ಎಂದರೆ ಎಲ್ಲವೂ ಒಂದೇ ಅಲ್ಲ. ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟು ತೂಗುವುದುಂಟು. ಪ್ರತಿ ಹಲಗೆಯನ್ನೂ ತಕ್ಕಡಿಗೆ ಹಾಕಿ, ತೂಕವನ್ನು ಅದರ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಹಗುರವಾದವು ಬಾಲಕ್ಕೆ ಮತ್ತು ರೆಕ್ಕೆಯ ಮೇಲ್ಹೊದಿಕೆಗೆ, ಗಟ್ಟಿಯಾದವು ರೆಕ್ಕೆಯ ಉದ್ದಕ್ಕೆ ಹಾಯುವ ಸ್ಪಾರ್ ಎಂಬ ತೊಲೆಗಳಿಗೆ. ರೆಕ್ಕೆಯ ಪಕ್ಕೆಲುಬುಗಳಿಗೆ ಬಾಗದೆ ಸೆಟೆದು ನಿಲ್ಲುವ, ಮೈಮೇಲೆ ಮೀನಿನ ಪೊರೆಯಂತೆ ಚುಕ್ಕೆ ಕಾಣುವ ಹಲಗೆಯೇ ಆಗಬೇಕು. ಬಾಲದಲ್ಲಿ ಉಳಿಸಿದ ಒಂದು ಗ್ರಾಂ, ಸಮತೋಲಕ್ಕೆಂದು ಮೂತಿಯಲ್ಲಿ ಇಡಬೇಕಾದ ಹಲವು ಗ್ರಾಂ ಸೀಸವನ್ನು ಉಳಿಸುತ್ತದೆ.

ಬೆಲ್‌ಕ್ರ್ಯಾಂಕ್ ಕೂರುವ ಜಾಗದಲ್ಲಿ ಮಾತ್ರ ನಾನು ಜಿಪುಣನಲ್ಲ. ವಿಮಾನದ ಇಡೀ ಎಳೆತ ಆ ಒಂದು ಮೊಳೆಯ ಮೇಲೆ ಬೀಳುತ್ತದೆ. ಮೂರು ಮಿಲಿಮೀಟರ್ ಪ್ಲೈವುಡ್ಡನ್ನು ಎಪಾಕ್ಸಿಯಿಂದ ಸ್ಪಾರ್‌ಗಳಿಗೇ ಅಂಟಿಸಿ, ಮೊಳೆಯ ಎರಡೂ ತುದಿಗಳಿಗೆ ಆಧಾರ ಕೊಡುತ್ತೇನೆ. ರೆಕ್ಕೆಗೆ ಹೊದಿಕೆ ಹಾಕಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಹಾಗಾಗಿ ಮುಚ್ಚುವ ಮೊದಲು ಸರಳು ಎಲ್ಲೂ ಉಜ್ಜದೆ, ತನ್ನ ತೂಕದಿಂದಲೇ ಎಲಿವೇಟರ್ ಕೆಳಗೆ ಬೀಳುವಷ್ಟು ಸಲೀಸಾಗಿದೆಯೇ ಎಂದು ನೋಡಿಕೊಳ್ಳುತ್ತೇನೆ. ಬಿಗಿಯಾಗಿ ಚಲಿಸುವ ಎಲಿವೇಟರ್ ಬಲವಾದ ಎಳೆತ ಇದ್ದಾಗ ತೊಂದರೆ ಕೊಡುವುದಿಲ್ಲ. ಎಳೆತ ಕಡಿಮೆಯಾದಾಗ, ಅಂದರೆ ನೆತ್ತಿಯ ಮೇಲೆ, ಕೈಕೊಡುತ್ತದೆ.

ನೋಡುವವರಿಗೆ ಕಾಣದ ಒಂದು ವಕ್ರತೆ ಈ ವಿಮಾನಗಳಲ್ಲಿದೆ: ಎಡಬಲ ಸಮವಿಲ್ಲ. ಒಳರೆಕ್ಕೆ ವೃತ್ತದ ಕೇಂದ್ರಕ್ಕೆ ಹತ್ತಿರ, ಆದ್ದರಿಂದ ಅದರ ವೇಗ ಕಡಿಮೆ. 1.4 ಮೀಟರ್ ರೆಕ್ಕೆಯ ವಿಮಾನ ಇಪ್ಪತ್ತು ಮೀಟರ್ ತಂತಿಯಲ್ಲಿ ಹಾರುವಾಗ ಎರಡು ರೆಕ್ಕೆಗಳ ನಡುಭಾಗದ ವೇಗದಲ್ಲಿ ಶೇ. 3.5ರಷ್ಟು ವ್ಯತ್ಯಾಸ, ಅಂದರೆ ಮೇಲೆತ್ತುವ ಬಲದಲ್ಲಿ ಶೇ. 7ರಷ್ಟು. ಇದನ್ನು ಸರಿದೂಗಿಸಲು ಒಳರೆಕ್ಕೆಯನ್ನು ಒಂದೆರಡು ಸೆಂಟಿಮೀಟರ್ ಉದ್ದ ಮಾಡುತ್ತಾರೆ. ಇನ್ನೊಂದೆಡೆ ತಂತಿಗಳ ತೂಕ ಒಳರೆಕ್ಕೆಯನ್ನು ಕೆಳಗೆ ಜಗ್ಗುತ್ತದೆ. ಅದಕ್ಕೆ ಪ್ರತಿಯಾಗಿ ಹೊರರೆಕ್ಕೆಯ ತುದಿಯಲ್ಲಿ ಸೀಸದ ತುಂಡುಗಳನ್ನಿಡಲು ಸಣ್ಣ ಪೆಟ್ಟಿಗೆ. ತಂತಿಗಳು ಗಾಳಿಯಲ್ಲಿ ಹಿಂದಕ್ಕೆ ಬಾಗುವುದರಿಂದ ಅವು ರೆಕ್ಕೆಯಿಂದ ಹೊರಬರುವ ಜಾಗ ಗುರುತ್ವ ಕೇಂದ್ರಕ್ಕಿಂತ ಸ್ವಲ್ಪ ಹಿಂದಿರಬೇಕು. ಆ ಜಾಗವನ್ನು ಹಿಂದೆ ಮುಂದೆ ಜರುಗಿಸುವಂತೆ ಮಾಡಿಟ್ಟರೆ ಮುಂದೆ ಬಹಳ ಉಪಯೋಗ. ಎಂಜಿನ್ನಿನ ಮೂತಿಯನ್ನು ಒಂದೆರಡು ಡಿಗ್ರಿ ಹೊರಕ್ಕೆ ತಿರುಗಿಸುವುದೂ, ಬಾಲದಲ್ಲಿ ನೆಟ್ಟಗೆ ನಿಂತ ರಡ್ಡರ್ ಎಂಬ ಪಟ್ಟಿಯನ್ನು ಹೊರಕ್ಕೆ ಬಾಗಿಸುವುದೂ ಎಳೆತ ಉಳಿಸಿಕೊಳ್ಳುವುದಕ್ಕೇ. ಆದರೆ ಅದನ್ನು ಅತಿಯಾಗಿ ಮಾಡುವವರೇ ಹೆಚ್ಚು. ರಡ್ಡರ್ ತುಂಬ ಬಾಗಿದರೆ ವಿಮಾನ ಓರೆಯಾಗಿ ಹಾರಿ ವೇಗ ಕಳೆದುಕೊಳ್ಳುತ್ತದೆ, ಹೋದ ವೇಗದ ಜೊತೆ ಎಳೆತವೂ ಹೋಗುತ್ತದೆ.

ತುದಿಯ ಸೀಸ ಎಷ್ಟು ಬೇಕೆಂದು ಪುಸ್ತಕ ನೋಡಿ ತಿಳಿಯುವುದಿಲ್ಲ, ಹಾರಿಸಿಯೇ ತಿಳಿಯಬೇಕು. ಕಣ್ಣಿನ ಮಟ್ಟದಲ್ಲಿ ಹಾರುವಾಗ ರೆಕ್ಕೆಯ ಅಡಿಭಾಗ ಕಂಡರೆ ಹೊರರೆಕ್ಕೆ ಕೆಳಗೆ ಬಾಗಿದೆ ಎಂದರ್ಥ. ತಲೆಕೆಳಗಾಗಿ ಹಾರಿಸಿದಾಗಲೂ ಹೊರರೆಕ್ಕೆಯೇ ನೆಲದ ಕಡೆ ಬಾಗಿದರೆ ಸೀಸ ಹೆಚ್ಚಾಗಿದೆ. ನೇರವಾಗಿದ್ದಾಗ ಒಂದು ರೆಕ್ಕೆ, ತಲೆಕೆಳಗಾದಾಗ ಇನ್ನೊಂದು ಬಾಗಿದರೆ ಸೀಸದ ಪೆಟ್ಟಿಗೆಗೆ ಕೈಹಾಕಬೇಡಿ, ರೆಕ್ಕೆಯೇ ಎಲ್ಲೋ ತಿರುಚಿಕೊಂಡಿದೆ.

ಟ್ಯಾಂಕಿನ ವಿಷಯಕ್ಕೂ ಇದೇ ರೀತಿಯ ಪರೀಕ್ಷೆ. ಕಾದ ತಂತಿಸುರುಳಿಯಿಂದ ಇಂಧನ ಹೊತ್ತಿಸುವ ಸಣ್ಣ ಗ್ಲೋ ಎಂಜಿನ್ನಿಗೆ ನಾನು ಬಳಸುವ ಇಂಧನ ಮೆಥನಾಲ್, ಐದನೇ ಒಂದು ಭಾಗದಷ್ಟು ಹರಳೆಣ್ಣೆ, ಸ್ವಲ್ಪ ನೈಟ್ರೊಮೀಥೇನ್. ವಿಮಾನ ಸುತ್ತುವಾಗ ಟ್ಯಾಂಕಿನೊಳಗಿನ ಇಂಧನವೆಲ್ಲ ಹೊರಗೋಡೆಗೆ ಒತ್ತಿಕೊಳ್ಳುತ್ತದೆ, ಹಾಗಾಗಿ ಹೀರುವ ಕೊಳವೆ ಹೊರಗಿನ ಹಿಂಮೂಲೆಯಲ್ಲಿರಬೇಕು. ನೇರ ಹಾರಾಟದ ಒಂದು ಸುತ್ತಿನ ಸಮಯವನ್ನೂ ತಲೆಕೆಳಗಿನ ಸುತ್ತಿನ ಸಮಯವನ್ನೂ ಗೆಳೆಯರೊಬ್ಬರು ಗಡಿಯಾರ ಹಿಡಿದು ಅಳೆಯುತ್ತಾರೆ. ತಲೆಕೆಳಗಾದಾಗ ಎಂಜಿನ್ ಚುರುಕಾಗಿ, ಒಣಗಿದಂತೆ ಸದ್ದು ಮಾಡಿದರೆ ಟ್ಯಾಂಕ್ ಎತ್ತರದಲ್ಲಿದೆ, ಕೆಳಗಿಳಿಸಬೇಕು. ಒಂದೆರಡು ಮಿಲಿಮೀಟರ್ ಅತ್ತಿತ್ತ ಮಾಡಿದರೆ ಎರಡೂ ಸಮಯ ಒಂದಾಗುತ್ತವೆ.

ತಂತಿಯ ಬಗ್ಗೆ ನನ್ನದು ಮಡಿವಂತಿಕೆ ಎಂದು ಗೆಳೆಯರು ನಗುತ್ತಾರೆ, ನಗಲಿ. ಒಂದೂವರೆ ಕಿಲೋ ವಿಮಾನಕ್ಕೆ 0.38 ಮಿಲಿಮೀಟರ್ ದಪ್ಪದ, ಎಳೆಗಳನ್ನು ಹೊಸೆದ ಸ್ಟೇನ್‌ಲೆಸ್ ತಂತಿ. ಎಲ್ಲಾದರೂ ಗಂಟುಬಿದ್ದು ಚೂಪಾಗಿ ಮಡಿಸಿದ್ದರೆ ನೇರಮಾಡುವ ಪ್ರಯತ್ನವೇ ಇಲ್ಲ, ಆ ತಂತಿಯನ್ನು ಎಸೆಯುತ್ತೇನೆ. ಪ್ರತಿ ಬಾರಿ ಹಾರಿಸುವ ದಿನ ಮೊದಲ ಹಾರಾಟಕ್ಕೆ ಮುನ್ನ ವಿಮಾನವನ್ನು ಒಬ್ಬರಿಗೆ ಹಿಡಿಸಿ, ಹ್ಯಾಂಡಲ್ ಕಡೆಯಿಂದ ಸ್ಪ್ರಿಂಗ್ ತಕ್ಕಡಿ ಕಟ್ಟಿ, ವಿಮಾನದ ತೂಕದ ಹತ್ತು ಪಟ್ಟು ಬಲದಲ್ಲಿ ಎಳೆದು ನೋಡುತ್ತೇನೆ. ಆಮೇಲೆ ಹ್ಯಾಂಡಲ್ ವಾಲಿಸಿ, ಮೇಲೆ ಎಂದರೆ ಎಲಿವೇಟರ್ ಮೇಲೆಯೇ ಹೋಗುತ್ತಿದೆಯೇ ಎಂದು ಖಾತ್ರಿ ಮಾಡಿಕೊಂಡು, ಹ್ಯಾಂಡಲಿನ ಬಾರನ್ನು ಮಣಿಕಟ್ಟಿಗೆ ಹಾಕಿಕೊಂಡ ಮೇಲೆಯೇ ಎಂಜಿನ್ ಶುರು. ವಿದ್ಯುತ್ ತಂತಿಗಳು ಕಣ್ಣಳತೆಯಲ್ಲಿ ಹತ್ತಿರವಿರುವ ಮೈದಾನದಲ್ಲಿ ಹಾರಿಸುವ ಪ್ರಶ್ನೆಯೇ ಇಲ್ಲ. ಕೈಯಲ್ಲಿರುವುದು ಇಪ್ಪತ್ತು ಮೀಟರ್ ಉಕ್ಕು. ಗುಡುಗು ಕೇಳಿಸಿದರೂ ಅಷ್ಟೆ, ಕಟ್ಟಿಕೊಂಡು ಹೊರಡುವುದು.

ಹೊಸಬರಿಗೆ ಕಲಿಸುವಾಗ ನಾನು ಹೇಳುವುದು ಕಡಿಮೆ. ಮಣಿಕಟ್ಟು ಅಲ್ಲಾಡಕೂಡದು, ತೋಳು ನೇರವಾಗಿರಲಿ, ಭುಜದಿಂದ ಇಡೀ ತೋಳನ್ನು ಎತ್ತಿ ಇಳಿಸಿ. ಹೀಗೆ ಮಾಡಿದರೆ ಎಲಿವೇಟರ್ ತೀರ ಸ್ವಲ್ಪವೇ ಚಲಿಸುತ್ತದೆ, ವಿಮಾನ ಕುಪ್ಪಳಿಸುವುದಿಲ್ಲ. ಎಲ್ಲರಿಗೂ ತಲೆ ತಿರುಗುವ ಭಯ. ಹಿಂದೆ ಓಡುವ ಮರಗಳನ್ನು ನೋಡದೆ ವಿಮಾನವನ್ನೇ ದಿಟ್ಟಿಸಿದರೆ ಅದು ಬೇಗ ಕಡಿಮೆಯಾಗುತ್ತದೆ. ಕಲಿಕೆಯ ವಿಮಾನಕ್ಕೆ ದಪ್ಪ ರೆಕ್ಕೆ, ಒಂದೇ ಹಲಗೆಯ ಒಡಲು, ರೆಕ್ಕೆಯ ಅಗಲದ ಮುಂದಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿ ಗುರುತ್ವ ಕೇಂದ್ರ, ಅಷ್ಟು ಸಾಕು. 1950ರ ಕಾಲದ 'ರಿಂಗ್‌ಮಾಸ್ಟರ್' ಇಂಥದ್ದೇ ಹಲಗೆ ಒಡಲಿನದು; ಇಂದಿಗೂ ಅದನ್ನು ಕಟ್ಟುವವರಿದ್ದಾರೆ ಎಂದರೆ ನನಗೆ ಆಶ್ಚರ್ಯವಿಲ್ಲ.

ಗಾಳಿಯನ್ನು ಓದುವುದು ಮಾತ್ರ ನಿಧಾನವಾಗಿ ಬರುವ ವಿದ್ಯೆ. ಗಾಳಿ ನಮ್ಮ ಬೆನ್ನಿಗೆ ಬೀಸುವ ದಿಕ್ಕಿನಲ್ಲಿ ವಿಮಾನವಿದ್ದಾಗ ಗಾಳಿಯೇ ಅದನ್ನು ಹೊರಕ್ಕೆ ತಳ್ಳುತ್ತದೆ, ತಂತಿ ಬಿಗಿಯುತ್ತದೆ. ಎದುರು ದಿಕ್ಕಿನಲ್ಲಿ ಅದೇ ಗಾಳಿ ಒಳಕ್ಕೆ ತಳ್ಳುತ್ತದೆ. ಆದ್ದರಿಂದ ನೆಲ ಬಿಡುವುದು, ಲೂಪ್ ಹೊಡೆಯುವುದು (ಮೇಲೆದ್ದು ಗಾಳಿಯಲ್ಲಿ ಪಲ್ಟಿಯ ಸುತ್ತು ಹಾಕುವುದು), ಎಲ್ಲ ಕಸರತ್ತೂ ಬೆನ್ನುಗಾಳಿಯ ಕಡೆಗೇ. ಒಂದು ವೇಳೆ ತಂತಿ ಸಡಿಲವಾದರೆ ಯೋಚನೆಗೆ ಹೊತ್ತಿಲ್ಲ. ವಿಮಾನದಿಂದ ದೂರಕ್ಕೆ, ಹಿಂಹಿಂದಕ್ಕೆ ಓಡಬೇಕು. ಕೈ ತಾನಾಗಿ ಎದೆಯ ಕಡೆ ಬರುತ್ತದೆ, ಕಾಲು ಕದಲುತ್ತದೆ. ನೋಡುವವರಿಗೆ ನಗು ಬರುವ ಓಟ ಅದು, ಆದರೆ ವಿಮಾನ ಉಳಿಯುತ್ತದೆ.

ಅಂತರರಾಷ್ಟ್ರೀಯ ವಾಯು ಕ್ರೀಡಾ ಒಕ್ಕೂಟದ ನಿಯಮಗಳಲ್ಲಿ ಇದಕ್ಕೆ ನಾಲ್ಕು ಮುಖ್ಯ ವಿಭಾಗಗಳಿವೆ: ವೇಗ, ಕಸರತ್ತು, ಮೂರು ಜೋಡಿಗಳು ಒಂದೇ ವೃತ್ತದಲ್ಲಿ ಹಾರಿಸುವ ತಂಡದ ಓಟ, ಎದುರಾಳಿಯ ಬಾಲಕ್ಕೆ ಕಟ್ಟಿದ ಕಾಗದದ ಪಟ್ಟಿಯನ್ನು ಪ್ರೊಪೆಲ್ಲರ್‌ನಿಂದ ಕತ್ತರಿಸುವ ಕಾಳಗ. ತಂಡದ ಓಟದ ತಂತಿ 15.92 ಮೀಟರ್, ಒಂದು ಸುತ್ತಿಗೆ ನೂರು ಮೀಟರ್ ಬರಲೆಂದೇ ಆ ಅಳತೆ, ನೂರು ಸುತ್ತಿಗೆ ಹತ್ತು ಕಿಲೋಮೀಟರ್. ನನ್ನ ಮನಸ್ಸು ಹೋದದ್ದು ಕಸರತ್ತಿನ ಕಡೆಗೆ. ಏಳು ನಿಮಿಷದೊಳಗೆ ಲೂಪ್, ಚೌಕ, ತ್ರಿಕೋನ, ಎಂಟಿನ ಆಕಾರ, ಮರಳು ಗಡಿಯಾರ, ನಾಲ್ಕೆಲೆಯ ಹೂವು, ಎಲ್ಲ ಮುಗಿಸಿ ಇಳಿಸಬೇಕು. ಲೂಪಿನ ತಳ ನೆಲದಿಂದ ಒಂದೂವರೆ ಮೀಟರ್, ತಲೆ 45 ಡಿಗ್ರಿ ಕೋನದಲ್ಲಿ. ದುಂಡು ಲೂಪ್ ಸುಲಭ. ಚೌಕದ ಮೂಲೆ ತಿರುಗುವಾಗ ವೇಗ ಒಮ್ಮೆಗೇ ಸೋರುತ್ತದೆ, ಕೈಯಲ್ಲಿ ಎಳೆತ ಇಳಿಯುವುದು ಗೊತ್ತಾಗುತ್ತದೆ. ರೆಕ್ಕೆಯ ಹಿಂಭಾಗದಲ್ಲಿ ಎಲಿವೇಟರಿಗೆ ವಿರುದ್ಧವಾಗಿ ಚಲಿಸುವ ಫ್ಲ್ಯಾಪ್ ಇಡುವುದು ಇದಕ್ಕಾಗಿಯೇ. ಮೂಲೆಯಲ್ಲಿ ಮೇಲೆತ್ತುವ ಬಲ ಹೆಚ್ಚಿ ವಿಮಾನ ಜಾರದೆ ತಿರುಗುತ್ತದೆ. 1950ರ ದಶಕದ ಆರಂಭದಲ್ಲಿ ಜಾರ್ಜ್ ಆಲ್‌ಡ್ರಿಚ್ ರೂಪಿಸಿದ 'ನೋಬ್ಲರ್' ಈ ಬಗೆಯ ವಿಮಾನಗಳಿಗೆ ದೊಡ್ಡ ಹೆಸರು ತಂದಿತು.

ಮೂಲೆ ತಿರುಗಿ ಮೂತಿ ಮೇಲೆದ್ದಾಗ ಗ್ಲೋ ಎಂಜಿನ್ ತೋರಿಸುವ ಗುಣವೊಂದಿದೆ. ನೇರ ಹಾರಾಟದಲ್ಲಿ ಇಂಧನ ತುಸು ಹೆಚ್ಚೇ ಹರಿಯುವಂತೆ ಸೂಜಿಯನ್ನು ಹೊಂದಿಸಿರುತ್ತೇವೆ, ಎಂಜಿನ್ ಬಿಟ್ಟು ಬಿಟ್ಟು ಉರಿಯುತ್ತಾ ತಗ್ಗಿದ ದನಿಯಲ್ಲಿ ಗುರುಗುಡುತ್ತದೆ. ಏರುವಾಗ ಇಂಧನ ಕಡಿಮೆಯಾಗಿ, ದನಿ ಒಮ್ಮೆಗೇ ಏರಿ ಶಕ್ತಿ ಬರುತ್ತದೆ. ಸಮತಟ್ಟಿಗೆ ಬಂದೊಡನೆ ಮತ್ತೆ ಗುರುಗುಡು. ಈಗಿನ ಬ್ಯಾಟರಿ ಮೋಟರುಗಳು ಏರುವಾಗ ಬೇಕಾದ ಶಕ್ತಿ ಕೊಡುವ ಈ ಕೆಲಸವನ್ನು ಎಲೆಕ್ಟ್ರಾನಿಕ್ ಚಿಪ್ ಮೂಲಕ ಇನ್ನೂ ಚೆನ್ನಾಗಿ ಮಾಡುತ್ತವೆ ಎಂಬುದನ್ನು ಒಪ್ಪಲೇಬೇಕು. ಪ್ರೊಪೆಲ್ಲರ್ ಸುತ್ತುವ ವೇಗ ಬದಲಾಗುವುದಿಲ್ಲ, ಎಣ್ಣೆ ಒರೆಸುವ ಕೆಲಸವಿಲ್ಲ, ನೆರೆಹೊರೆಯ ದೂರಿಲ್ಲ, ಟೈಮರ್ ಹೇಳಿದ ಹೊತ್ತಿಗೇ ನಿಲ್ಲುತ್ತದೆ. ಕಸರತ್ತಿನ ನಡುವೆ ಇಂಧನ ಮುಗಿದು ನೆತ್ತಿಯ ಮೇಲೆ ಎಂಜಿನ್ ನಿಲ್ಲುವ ಭಯವೂ ಇಲ್ಲ. ಸದ್ಯ ಮೇಜಿನ ಮೇಲಿರುವ ಚೌಕಟ್ಟಿಗೆ ನಾನು ಮೋಟರನ್ನೇ ಹಾಕುತ್ತಿದ್ದೇನೆ. ಬ್ಯಾಟರಿ ಮುಂದಕ್ಕೆ ಜರುಗುವಂತೆ ತಟ್ಟೆಯೊಂದನ್ನು ಕಟ್ಟಿಯಾಗಿದೆ, ಬೆಲ್‌ಕ್ರ್ಯಾಂಕ್ ಕೂತಿದೆ, ಎಲಿವೇಟರ್ ತನ್ನ ತೂಕಕ್ಕೇ ಬೀಳುತ್ತಿದೆ. ಇನ್ನು ಮೇಲ್ಹೊದಿಕೆಗೆ ತೂಕ ನೋಡಿ ಹಲಗೆ ಆರಿಸುವುದು ಬಾಕಿ.